ಅಪ್‌ಡೇಟ್: ಟ್ರೆಕ್ ಆದಮೇಲೆ ತೊಡೆ ನೋವು, ಕೊನೆಗೆ ಏನಾಯ್ತು ಅಂದ್ರೆ

ಕುಮಾರ ಪರ್ವತ ಇಳಿದು ಬಂದ ಮೇಲೆ ತೊಡೆ ನೋವು ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತಿದೆ, ಡಾಕ್ಟರಿಗೆ ತೋರಿಸಬೇಕಾ ಅಂತ ಇಲ್ಲಿ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಕೆಲಸಕ್ಕೆ ಬಂದಿದ್ದು "ಮೂತ್ರದ ಬಣ್ಣ ನೋಡಿ" ಅಂದವರ ಮಾತು. ನೋವಿಗೂ ಅದಕ್ಕೂ ಏನು ಸಂಬಂಧ ಅನ್ನಿಸಿತ್ತು. ನೋಡಿದರೆ ಥೇಟ್ ಡಿಕಾಕ್ಷನ್! ಅವತ್ತೇ ಆಸ್ಪತ್ರೆಗೆ ಹೋದೆ. ಸಿಪಿಕೆ ಅಂತ, ಸ್ನಾಯುವಿಗೆ ಎಷ್ಟು ಪೆಟ್ಟಾಗಿದೆ ಅಂತ ತೋರಿಸೋ ರಕ್ತದ ಟೆಸ್ಟ್ ಮಾಡಿಸಿದರು. ಸಾಮಾನ್ಯವಾಗಿ ಸುಮಾರು 200ರ ಒಳಗೆ ಇರಬೇಕಾದ್ದು ನನ್ನದು ಸಾವಿರಗಟ್ಟಲೆ ಇತ್ತು. ರಾಬ್ಡೋಮಯೋಲಿಸಿಸ್ ಅಂತೆ. ಸ್ನಾಯು ಒಡೆದು ಅದರೊಳಗಿನ ಮಯೋಗ್ಲೋಬಿನ್ ಅನ್ನೋ ಪ್ರೋಟೀನ್ ರಕ್ತಕ್ಕೆ ಸೇರಿ, ಕಿಡ್ನಿಗೆ ಪೆಟ್ಟು ಕೊಡುತ್ತದೆ. ಅಡ್ಮಿಟ್ ಮಾಡಿ ಡ್ರಿಪ್ ಹಾಕಿದರು, ಕಿಡ್ನಿ ಸರಿಯಾಗಿದೆಯಾ ಅಂತ ದಿನಾ ರಕ್ತದಲ್ಲಿ ಕ್ರಿಯಾಟಿನಿನ್ ನೋಡಿದರು. ಈಗ ಆರಾಮ.

ನೀವು ಹೇಳಿದ ಬೇರೆ ಉಪಾಯಗಳಲ್ಲಿ, ಬಿಸಿನೀರಿನ ಶಾಖದಿಂದ ಆ ಹೊತ್ತಿಗೆ ಹಿತ, ಅಷ್ಟೇ. ಎಣ್ಣೆ ಹಚ್ಚಿ ತಿಕ್ಕೋದು ಆಗಲೇ ಇಲ್ಲ, ಮುಟ್ಟಿದರೇ ಜೀವ ಹೋಗುತ್ತಿತ್ತು. ನೋವಿನ ಮಾತ್ರೆ ಐಬುಪ್ರೊಫೆನ್ ತಗೊಳ್ಳಿ ಅಂದವರು ಬೇಜಾರು ಮಾಡ್ಕೋಬೇಡಿ, ಇಂಥ ಹೊತ್ತಲ್ಲಿ ಅದು ಕಿಡ್ನಿಗೆ ಇನ್ನೂ ಕೆಟ್ಟದ್ದಂತೆ.

ಹತ್ತುವುದಕ್ಕಿಂತ ಇಳಿಯುವುದೇ ತೊಡೆಗೆ ಜಾಸ್ತಿ ಪೆಟ್ಟು ಅನ್ನೋದು ನನಗೆ ಹೊಸ ವಿಷಯ. ಇಳಿಯುವಾಗ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕಲ್ವಾ, ಅದಕ್ಕೆ. ಮಾಮೂಲಿ ನೋವಾದರೆ 24ರಿಂದ 72 ಗಂಟೆಯೊಳಗೆ ಜೋರಾಗಿ, ಆಮೇಲೆ ತಾನಾಗೇ ಇಳಿಯುತ್ತದೆ. ಇಳಿಯದೆ ಊದಿಕೊಂಡರೆ, ಕಾಲಲ್ಲಿ ಬಲವೇ ಇಲ್ಲ ಅನ್ನಿಸಿದರೆ, ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಸುಮ್ನೆ ಕಾಯಬೇಡಿ. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅದನ್ನೂ ತಕ್ಷಣ ತೋರಿಸಿ ಅಂತ ಡಾಕ್ಟರ್ ಅಂದರು.

ಸದ್ಯಕ್ಕೆ ಬರೀ ಮನೆ ಸುತ್ತ ನಡಿಗೆ. ಟ್ರೆಕ್‌ಗೆ ಡಾಕ್ಟರ್ ಇನ್ನೂ ಹೂಂ ಅಂದಿಲ್ಲ.