ಮೊದಲ ಪವರ್‌ಲಿಫ್ಟಿಂಗ್ ಸ್ಪರ್ಧೆ: ಎಷ್ಟರಿಂದ ಶುರು ಮಾಡಲಿ?

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಸುಮ್ನೆ ನನ್ನ ಪಾಡಿಗೆ ಭಾರ ಎತ್ತುತ್ತಿದ್ದೆ. ಈಗ ಧೈರ್ಯ ಮಾಡಿ ಸ್ಪರ್ಧೆಗೆ ಹೆಸರು ಕೊಟ್ಟಿದ್ದೇನೆ. ಐದೇ ವಾರ ಉಳಿದಿದೆ.

ಜಿಮ್‌ನಲ್ಲಿ ಇದುವರೆಗೆ ಎತ್ತಿದ್ದು ಸ್ಕ್ವಾಟ್ (ಬಾರ್ ಹೆಗಲ ಮೇಲಿಟ್ಟು ಕೂತು ಏಳುವುದು) 150, ಬೆಂಚ್ (ಮಲಗಿ ಎದೆಯಿಂದ ಮೇಲೆತ್ತುವುದು) 100, ಡೆಡ್‌ಲಿಫ್ಟ್ (ನೆಲದಿಂದ ಎತ್ತುವುದು) 180 ಕೆಜಿ. ಒಂದೊಂದಕ್ಕೂ ಮೂರು ಅವಕಾಶ. ಮೊದಲನೆಯದು ತಪ್ಪಿದರೂ ಮುಂದಿನದಕ್ಕೆ ತೂಕ ಇಳಿಸುವಂತಿಲ್ಲ. ಒಂದರಲ್ಲಿ ಮೂರೂ ಅವಕಾಶ ಕೈಕೊಟ್ಟರೆ ಟೋಟಲ್ಲೇ (ಮೂರೂ ಲಿಫ್ಟ್ ಸೇರಿದ ಒಟ್ಟು ತೂಕ) ಇಲ್ಲ! ಅದಕ್ಕೇ ಸ್ಕ್ವಾಟ್ 135ರಿಂದ ಶುರು ಮಾಡೋಣ ಅಂದುಕೊಂಡಿದ್ದೇನೆ. ಜಾಸ್ತಿ ಆಯ್ತಾ?

ನಿಜವಾದ ತಲೆನೋವು ಬೆಂಚ್. ಮೊನ್ನೆ ಗೆಳೆಯನನ್ನೇ ರೆಫರಿ ಮಾಡಿ ತಲೆಯ ಹತ್ತಿರ ನಿಲ್ಲಿಸಿಕೊಂಡೆ. ಬಾರ್ ಎದೆಗೆ ತಾಗಿತು. ಎತ್ತೋಕೆ ರೆಫರಿಯ ಅಪ್ಪಣೆಗೆ ಕಾಯಬೇಕು, ಆದರೆ ಅವನು ‘ಪ್ರೆಸ್’ ಅನ್ನುವಷ್ಟರಲ್ಲಿ ನಾನು ಆಗಲೇ ಅರ್ಧ ಎತ್ತಿಬಿಟ್ಟಿದ್ದೆ. ಐದರಲ್ಲಿ ಮೂರು ಸಲ ಹೀಗೇ. ಅದೂ ಬರೀ 80 ಕೆಜಿಗೆ. ಅವನಿಗೆ ನಗು, ನನಗೆ ಬೆವರು. ಈ ಅವಸರ ಬಿಡಿಸುವುದು ಹೇಗೆ?

ಇನ್ನೊಂದು, ನನ್ನ ತೂಕ ಈಗ 84.2. 83 ಕೆಜಿವರೆಗಿನವರ ವಿಭಾಗಕ್ಕೆ ಇಳಿಯಲಾ, 93ರಲ್ಲೇ ಇರಲಾ? ತೂಕ ನೋಡುವುದು ಶುರುವಾಗುವ ಎರಡು ಗಂಟೆ ಮುಂಚೆ. ಹಸಿದುಕೊಂಡು ಬಾರ್ ಕೆಳಗೆ ನಿಲ್ಲುವುದಕ್ಕೆ ಮನಸ್ಸಿಲ್ಲ. ಹೇಗೂ ಪದಕದ ಆಸೆ ಇಲ್ಲ ಅಲ್ವಾ?

ಸ್ಪರ್ಧೆಗೆ ಇಳಿದವರು ದಯವಿಟ್ಟು ಹೇಳಿ.