ಎಲೆ ಊದಿ ನುಡಿಸೋದು ಗೊತ್ತಿರೋರು ಇದ್ರೆ ಸಹಾಯ ಮಾಡಿ

ಎಲ್ರಿಗೂ ನಮಸ್ಕಾರ. ಎಕ್ವೆಡಾರ್ ದೇಶದ ಉತ್ತರಕ್ಕೆ ಆಂಡೀಸ್ ಬೆಟ್ಟಗಳ ನಡುವೆ ಚೋಟಾ ಅಂತ ಕಣಿವೆ ಇದೆ, ಅಲ್ಲಿರೋ ಆಫ್ರಿಕನ್ ಮೂಲದ ಜನರ 'ಬಾಂಡಾ ಮೋಚಾ' ವಾದ್ಯಮೇಳ ಕೇಳಿದಾಗಿಂದ ನನ್ಗೆ ಬೇರೆ ಏನೂ ತಲೆಗೆ ಹೋಗ್ತಿಲ್ಲ. ಒಣಗಿದ ಸೋರೆಬುರುಡೆ ತುದಿ ಕತ್ತರಿಸಿ ಊದ್ತಾರೆ, ಅದು ಹಿತ್ತಾಳೆ ಕಹಳೆ ತರ ಗುಂಯ್ ಅನ್ನತ್ತೆ, ಅದ್ರ ಮೇಲೆ ಕಿತ್ತಳೆ ಗಿಡದ ಎಲೆ ತುಟಿಗಿಟ್ಟು ಪೂರ್ತಿ ರಾಗ ನುಡಿಸ್ತಾರೆ, ಬರೀ ಎಲೆ! ಪೆರುವಿನ ಅಯಾಕುಚೋ ಕಡೆನೂ ಎಲೆ ನುಡಿಸೋರು ಇದ್ದಾರೆ.

ನಾನು ಹಿತ್ತಲಿನ ನಿಂಬೆ ಎಲೆ ತಗೊಂಡು ಎರಡೂ ಕೈಬೆರಳಲ್ಲಿ ಬಿಗಿಯಾಗಿ ಎಳ್ಕೊಂಡು, ಅಂಚು ಕೆಳತುಟಿಗೆ ತಾಗಿಸಿ ಊದ್ತಿದೀನಿ. ಒಂದು ಕೀರಲು ಸ್ವರ ಬರುತ್ತೆ, ಆಮೇಲೆ ಬರೀ ಗಾಳಿ, ಐದಾರು ಸಲಕ್ಕೆ ಅಂಚು ಹರಿದೇ ಹೋಗುತ್ತೆ. ತುಟಿ ಬಿಗಿ ಮಾಡಿದ್ರೆ ಸ್ವರ ಏರುತ್ತೆ ಅನ್ನೋದು ಕೈಗೆ ಸಿಕ್ಕಿದೆ, ಆದ್ರೆ ಕೆಳಗಿನ ಸ್ವರಕ್ಕೆ ಇಳಿಯೋಕೆ ಆಗ್ತಿಲ್ಲ.

ಎಳೆ ಎಲೆನಾ ಬಲಿತಿದ್ದಾ? ಎಲೆ ಮಡಚಬೇಕಾ, ಹಾಗೇ ಇಡಬೇಕಾ? ಚಿಕ್ಕವರಿದ್ದಾಗ ಎಲೆ ಪೀಪಿ ಊದಿ ಅಭ್ಯಾಸ ಇರೋರು ದಯವಿಟ್ಟು ಹೇಳಿ, ವಿಡಿಯೋ ಹಾಕಿದ್ರೆ ಇನ್ನೂ ಒಳ್ಳೇದು.