ತೀರಿಹೋದ ಹಿರಿಯ ಸರ್ವೇಯರ್ ಡೈರಿಗಳನ್ನು ಏನು ಮಾಡಲಿ?

ಹುಣಸೆಬೀಜ (ಚಿಂತಾಮಣಿ)

ನಮಸ್ಕಾರ. ನಾನು ಸರ್ವೇಯರ್. ನನಗೆ ಕೆಲಸ ಕಲಿಸಿದ ಹಿರಿಯರು ಮೇ 31ಕ್ಕೆ ನಿವೃತ್ತರಾದರು. ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಬೆಳಿಗ್ಗೆ ಹಾಲು ತರಲು ಹೋದವರು ಡೇರಿ ಜಗಲಿ ಮೇಲೆ ಕೂತರಂತೆ, ಮತ್ತೆ ಏಳಲಿಲ್ಲ. ಬೀಳ್ಕೊಡುಗೆಯಲ್ಲಿ ನಾವು ಹೊದಿಸಿದ ಶಾಲು ಇನ್ನೂ ಕವರ್‌ನಲ್ಲೇ ಇತ್ತು.

ಅವರ ಕಾಲದ ಎಷ್ಟೋ ಜನರ ಹಾಗೆ ಅವರಿಗೂ ಹುಟ್ಟಿದ ದಿನ ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಕು. ಒಂದನೇ ತಾರೀಕಿನವರಿಗೆ ಹಿಂದಿನ ತಿಂಗಳ ಕೊನೆಗೇ ನಿವೃತ್ತಿ. "ನಮ್ಮಮ್ಮನ ಲೆಕ್ಕದಲ್ಲಿ ನಾನು ಕಾರ್ತಿಕದವನು ಕಣಯ್ಯಾ, ನನಗಿನ್ನೂ ಅರವತ್ತು ಆಗಿಲ್ಲ" ಎಂದು ನಗುತ್ತಿದ್ದರು. ಕಾರ್ತಿಕ ಬರುವುದಕ್ಕೆ ಮೊದಲೇ ಹೋದರು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಅವರ ಹೆಂಡತಿ ನನ್ನನ್ನು ಕರೆದು ಒಂದು ರೇಷನ್ ಚೀಲ ಕೊಟ್ಟರು. ಒಳಗೆ 19 ಪಾಕೆಟ್ ಡೈರಿ. ಹಳೆಯವುಗಳ ಮೇಲೆ ಕೋಲಾರ ಜಿಲ್ಲೆ ಅಂತಿದೆ. 2007ರ ಡೈರಿಯಲ್ಲಿ ಕೋಲಾರ ಹೊಡೆದುಹಾಕಿ ಚಿಕ್ಕಬಳ್ಳಾಪುರ ಎಂದು ಬರೆದಿದ್ದಾರೆ.

ಒಳಗಿನ ಬರಹ ಹೀಗಿದೆ (ಬಾಂದು ಕಲ್ಲು ಅಂದರೆ ಗಡಿ ಕಲ್ಲು): "ಬಾಂದು ಕಲ್ಲು ಸಿಕ್ಕಿತು. ಒಂದೂವರೆ ಅಡಿ ಆಳ. ಹಳೇ ಬಾವಿಯಿಂದ ಮೂಡಲಿಗೆ 4 ಸರಪಳಿ 6 ಆಣೆ. ಮುದುಕಮ್ಮ ಮಜ್ಜಿಗೆ ಕೊಟ್ಟರು, ಉಪ್ಪು ಜಾಸ್ತಿ." ಯಾರ ಮನೆಯಲ್ಲಿ ಊಟ, ಯಾರು ಯಾರ ಮೇಲೆ ಕುಡುಗೋಲು ಎತ್ತಿದರು, ಎಲ್ಲವೂ ಇದೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹದ್ದುಬಸ್ತಿಗೆ, ಅಂದರೆ ಜಮೀನಿನ ಗಡಿ ಗುರುತಿಸುವ ಅಳತೆಗೆ, ಕರೆದುಕೊಂಡು ಹೋಗಿದ್ದರು. ಅಣ್ಣ ತಮ್ಮ, ನಡುವೆ ಒಂದು ಹುಣಸೆ ಮರ. ಅಳತೆ ಮಾಡಿದರೆ ಗಡಿ ಮರದ ಬೊಡ್ಡೆ ಮೇಲೇ ಹೋಗುತ್ತಿತ್ತು. ಇಬ್ಬರೂ ಅವರ ಮುಖ ನೋಡಿದರು. "ಗೆರೆ ಎಲ್ಲಿದೆ ಅಂತ ಹೇಳೋದು ನನ್ನ ಕೆಲಸ. ಹುಣಸೆಹಣ್ಣು ಯಾರು ಬಡೀಬೇಕು ಅನ್ನೋದು ಟಿಪ್ಪಣೀಲಿ ಬರೆದಿಲ್ಲ" ಎಂದು ತೆಲುಗಲ್ಲೇ ಹೇಳಿ, ಮರದ ಕೆಳಗೇ ಬುತ್ತಿ ಬಿಚ್ಚಿದರು. ಇಬ್ಬರನ್ನೂ ಕೂರಿಸಿಕೊಂಡರು. ಅವರು ರಾಜಿಯಾದರು ಅಂತ ಹೇಳಲಾರೆ, ಆದರೆ ಅವತ್ತು ಜಗಳ ಆಗಲಿಲ್ಲ.

ಉಪಗ್ರಹದ ಸಂಕೇತ ಹಿಡಿದು ಅಳೆಯುವ ರೋವರ್ ಬಂದ ಮೇಲೂ ಮೊದಲು ಹೊಲದ ಸುತ್ತ ಒಂದು ಸಲ ನಡೆಯುತ್ತಿದ್ದರು. ನಮಗೆ ಬೇಜಾರು, ಬಿಸಿಲು ಬೇರೆ.

ಈಗ ಪ್ರಶ್ನೆ. ಈ ಡೈರಿಗಳನ್ನು ಕಚೇರಿಗೆ ಕೊಡಲಾ? ಪುಸ್ತಕ ಮಾಡಿಸೋಣ, ನಾವೇ ದುಡ್ಡು ಹಾಕೋಣ ಅಂತಿದ್ದಾರೆ ಜೊತೆಯವರು.

ಕೀಲಿಮಣೆ

ಎಲ್ಲವನ್ನೂ ಸ್ಕ್ಯಾನ್ ಮಾಡಿ ಆನ್‌ಲೈನ್‌ನಲ್ಲಿ ಹಾಕಿ. ಇಂಥದ್ದು ಮತ್ತೆ ಸಿಗಲ್ಲ. ಅಂದಹಾಗೆ, ಆಣೆ ಅಂದರೆ ದುಡ್ಡಲ್ವಾ?

ಪೆನ್ಷನ್ ಪಾರ್ಟಿ

ಇದೇ ಇಲಾಖೆಯಲ್ಲಿ ಸವೆದವನು ನಾನು, ಹೇಳುತ್ತೇನೆ. ಒಂದು ಸರಪಳಿ ಅಂದರೆ 33 ಅಡಿ. ಅದರಲ್ಲಿ ಹದಿನಾರು ಪಾಲು ಮಾಡಿದರೆ ಒಂದು ಆಣೆ, ಎರಡು ಅಡಿಗಿಂತ ಮುಕ್ಕಾಲು ಇಂಚು ಜಾಸ್ತಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ, 1,089 ಚದರಡಿ. ನಲವತ್ತು ಗುಂಟೆಗೆ ಒಂದು ಎಕರೆ. 4 ಸರಪಳಿ 6 ಆಣೆ ಅಂದರೆ 144 ಅಡಿ ನಾಲ್ಕೂವರೆ ಇಂಚು. ಬಾವಿ ಮುಚ್ಚಿದ್ದರೆ ಆ ಲೆಕ್ಕ ಹಿಡಿದು ಎಲ್ಲಿ ಅಗೆಯುತ್ತೀರಿ?

ಆನ್‌ಲೈನ್‌ನಲ್ಲಿ ಮಾತ್ರ ಹಾಕಬೇಡಿ, ಮಾರಾಯರೇ. ಹೊಲದ ಅಳತೆ ಬರೆದ ಟಿಪ್ಪಣಿ, ವಿಸ್ತೀರ್ಣ ಕಂದಾಯ ಬರೆದ ಆಕಾರ್‌ಬಂದ್, ಗ್ರಾಮ ನಕ್ಷೆ, ಇವು ದಾಖಲೆ. ಡೈರಿ ದಾಖಲೆ ಅಲ್ಲ. ಆದರೆ "ಸರ್ವೇಯರೇ ಬರೆದಿದ್ದಾರೆ ನೋಡಿ" ಅಂತ ಯಾರಾದರೂ ಝೆರಾಕ್ಸ್ ಹಿಡಿದು ಹೊರಟರೆ ಊರಲ್ಲಿ ಹತ್ತು ವ್ಯಾಜ್ಯ ಹುಟ್ಟುತ್ತವೆ. ಕುಡುಗೋಲು ಎತ್ತಿದವನ ಮೊಮ್ಮಗ ಈಗ ನಿಮ್ಮ ಪಕ್ಕದ ಬೀದಿಯಲ್ಲೇ ಇರಬಹುದು. ಪುಸ್ತಕ ಮಾಡಿಸುವುದಾದರೆ ಊರು, ಹೆಸರು, ಸರ್ವೆ ನಂಬರ್ ತೆಗೆದುಬಿಡಿ. ತೆಗೆದರೆ ಉಳಿಯುವುದು ಮಜ್ಜಿಗೆ ಮಾತ್ರ. ಅದೇ ಸಾಕು ಅಂತ ನನಗನಿಸುತ್ತದೆ.

ಇನ್ನೊಂದು. ಅವರ ಮನೆಯವರಿಗೆ ಕುಟುಂಬ ಪಿಂಚಣಿ ಶುರುವಾಯಿತಾ? ಮರಣ ಪ್ರಮಾಣಪತ್ರ ತೆಗೆದುಕೊಂಡು ನೀವೇ ಜೊತೆಗೆ ಬ್ಯಾಂಕಿಗೆ ಹೋಗಿ. ಪುಸ್ತಕ ನಿಧಾನಕ್ಕೆ ಆಗಲಿ.

ರಾಗಿಮುದ್ದೆ ಸರೋಜ

ಎಲ್ಲರೂ ಡೈರಿ ಏನು ಮಾಡಬೇಕು ಅಂತ ಹೇಳುತ್ತಿದ್ದೀರಿ. ಆಯಮ್ಮ ಚೀಲವನ್ನು ಮಕ್ಕಳಿಗೆ ಕೊಡದೆ ನಿಮಗೇ ಯಾಕೆ ಕೊಟ್ಟರು ಅಂತ ಕೇಳಿದಿರಾ? ನಮ್ಮೆಜಮಾನರು ಹೋದಾಗ ಅವರ ಹತ್ಯಾರದ ಪೆಟ್ಟಿಗೆಯನ್ನು ನಾನೂ ಅವರ ಜೊತೆಗಾರರಿಗೆ ಕೊಟ್ಟಿದ್ದೆ. ನೋಡೋಕಾಗದೆ ಕೊಟ್ಟಿದ್ದು. ಒಂದು ವರ್ಷಕ್ಕೆ ವಾಪಸ್ ಬೇಕು ಅನಿಸಿತು. ಅಷ್ಟರಲ್ಲಿ ಅರ್ಧ ಸಾಮಾನು ಹಂಚಿಹೋಗಿತ್ತು.

ಹುಣಸೆಬೀಜ (ಚಿಂತಾಮಣಿ)

ಸರೋಜಕ್ಕ, ಕೇಳಿರಲಿಲ್ಲ. ನೀವು ಬರೆದ ಮೇಲೆ ಭಾನುವಾರ ಹೋಗಿದ್ದೆ. ಬ್ಯಾಂಕಿನ ಕೆಲಸ ಅವರ ಮಗಳು ಮುಗಿಸಿದ್ದಾಳೆ.

"ನನಗೆ ಆ ಅಕ್ಷರ ಗೊತ್ತಾಗಲ್ಲಪ್ಪಾ, ನಿನಗಾದರೆ ಗೊತ್ತಾಗುತ್ತೆ, ಓದಿ ಹೇಳ್ತೀಯ ಅಂತ ಕೊಟ್ಟೆ" ಎಂದರು. ನಾನು ಒಂದು ತಿಂಗಳು ಚೀಲ ಇಟ್ಟುಕೊಂಡು ಕೂತಿದ್ದೆ ನೋಡಿ.

ಒಂದು ಡೈರಿ ಅಲ್ಲೇ ಓದಿದೆ. ಸರಪಳಿ, ಆಣೆ ಬಂದಾಗ ಸೊಪ್ಪು ಬಿಡಿಸುತ್ತಿದ್ದರು. ಊಟದ ವಿಷಯ ಬಂದಾಗ ಕೈ ನಿಲ್ಲಿಸುತ್ತಿದ್ದರು. ಒಂದು ಕಡೆ "ಇವತ್ತು ಮಧ್ಯಾಹ್ನ ಊಟ ಇಲ್ಲ" ಅಂತಿತ್ತು.

"ಸುಳ್ಳು" ಎಂದರು. "ಯಾವ ತಾರೀಕು ಅದು? ನಾನು ಬುತ್ತಿ ಕಟ್ಟದ ದಿನಾನೇ ಇಲ್ಲ. ಯಾರಿಗೋ ಕೊಟ್ಟು ಬಂದಿರಬೇಕು."

ಡೈರಿಗಳನ್ನು ಅಲ್ಲೇ ಇಟ್ಟು ಬಂದೆ. ಮುಂದಿನ ಭಾನುವಾರ ಎರಡನೆಯದು.